ಮಾವನಿಲ್ಲದ ಲಾರಿ

ಜೂನ್ ೧೧, ಬುಧವಾರ

ಇವತ್ತು ಪರೀಕ್ಷೆಯ ಲಾರಿಗೆ ಬೇರೆ ಡ್ರೈವರ್ ಬಂದಿದ್ದ. ತೂಕ ಗೊತ್ತಿರುವ ಆ ಕಲ್ಲು ತುಂಬಿದ ಲಾರಿಯನ್ನು ರಸ್ತೆಯೊಳಗಿನ ಸೆನ್ಸರ್‌ಗಳ ಮೇಲೆ ಇಷ್ಟು ವರ್ಷ ಓಡಿಸಿ ಓಡುವ ವಾಹನಗಳನ್ನು ತೂಗುವ ನಮ್ಮ ಯಂತ್ರವನ್ನು ಸರಿಮಾಡಿಸಿದವನು ನನ್ನ ಸೋದರಮಾವ. ಅವನಿಲ್ಲದೆಯೂ ಅದೇ ಅಂಕಿ ಬಂತು.

"ನೋಡಿ ಸಾರ್, ನಾನೂ ಒಂದೇ, ಅವರೂ ಒಂದೇ," ಎಂದ ಹೊಸಬ. ಕಪಾಳಕ್ಕೆ ಬಿಡಬೇಕೆನಿಸಿತು. ಪಾಪ, ಅವನಿಗೇನು ಗೊತ್ತು.

ಮಾವ ಹತ್ತಿ ಕೂತರೆ ಕ್ಯಾಬಿನ್ನೇ ಒಂದು ಪಕ್ಕಕ್ಕೆ ವಾಲುತ್ತಿತ್ತು. ಸಂಜೆ ಆಸ್ಪತ್ರೆಗೆ ಹೋದರೆ, ಹೊದಿಕೆಯೊಳಗೆ ಅವನನ್ನು ಹುಡುಕಬೇಕಾಯಿತು.

"ಏನಳಿಯಾ, ನಾನಿಲ್ಲ ಅಂತ ನಿನ್ನ ಸೆನ್ಸರ್ ಕಂಡುಹಿಡೀತಾ?"

"ಹೂಂ ಮಾವ. ಬೆಳಗಿಂದ ಏನೇನೋ ತೋರಿಸ್ತಿದೆ. ನೀನು ಬಂದ್ರೇನೇ ಅದು ದಾರಿಗೆ ಬರೋದು."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ. ಕ್ವಿಂಟಲ್‌ಗಟ್ಟಲೆ ತಪ್ಪೋ ಯಂತ್ರ ಅದು. ಅದಕ್ಕೆ ನಾನ್ಯಾವ ಲೆಕ್ಕ?"

ಇಬ್ಬರೂ ನಕ್ಕೆವು. ಅವನ ನಗು ಕೆಮ್ಮಾಯಿತು; ಆ ಕೆಮ್ಮು ತುಂಬ ಹೊತ್ತಾದರೂ ನಿಲ್ಲಲಿಲ್ಲ.

ಹೊರಡುವಾಗ ಬಾಗಿಲ ಹತ್ತಿರ ನರ್ಸ್ ಸಿಕ್ಕಳು. ದಿನಾ ಬೆಳಿಗ್ಗೆ ಮಾವನ ತೂಕ ನೋಡುವವಳು. "ನಾಳೆಯಿಂದ ತೂಕ ನೋಡೋದು ಬೇಡ ಅಂದ್ರು ಡಾಕ್ಟ್ರು," ಎಂದು ಮೆಲ್ಲಗೆ ಹೇಳಿದಳು.

ತಲೆಯಾಡಿಸಿ ಹೊರಬಂದೆ. ಬೆಳಿಗ್ಗೆ ಮತ್ತೆ ಲಾರಿ ಓಡಿಸಬೇಕು. ಹೊಸಬನ ಪಕ್ಕದಲ್ಲಿ ಕೂತು, ಅಂಕಿ ಸರಿಯಾಗಿ ಬಂದಾಗಲೆಲ್ಲ 'ವ್ಯತ್ಯಾಸವಿಲ್ಲ' ಎಂದು ಬರೆದುಕೊಳ್ಳಬೇಕು.