ಜೀಪಜ್ಜನ ಒದ್ದೆ

ತಮ್ಮಾ,

ಎದ್ದವನೇ ಜೀಪಿನ ಕೀ ಹುಡುಕಬೇಡ, ನಾನು ತಗೊಂಡು ಹೋಗಿದ್ದೀನಿ. ನೀನು ಸ್ಕ್ರೂಡ್ರೈವರ್ ತಿರುಗಿಸಿ ಸ್ಟಾರ್ಟ್ ಮಾಡೋ ಆಸಾಮಿ, ಅದಕ್ಕೇ ಅದೂ ನನ್ನ ಚೀಲದಲ್ಲೇ ಇದೆ.

ದಿನಾ ಜೀಪಿನ ಕೆಳಗೆ ಒದ್ದೆ ಕಂಡಾಗ "ಜೀಪಜ್ಜನಿಗೆ ವಯಸ್ಸಾಯ್ತು, ತಡ್ಕೊಳ್ಳೋಕಾಗಲ್ಲ" ಅಂತ ನಗಾಡಿ ಮರಳು ಎರಚ್ತಿದ್ದೆಯಲ್ಲ, ಇವತ್ತು ನಾನು ಬೆರಳಿಟ್ಟು ನೋಡಿದೆ. ಅದು ರೇಡಿಯೇಟರ್ ನೀರಲ್ಲ, ಇಂಜಿನ್ ಆಯಿಲ್ಲೂ ಅಲ್ಲ. ಹಿಂದಿನ ಎಡಚಕ್ರದ ಒಳಗಡೆಯಿಂದ ಇಳೀತಿರೋ ಬ್ರೇಕ್ ಆಯಿಲ್ ಕಣೋ! ಪೆಡಲ್ ಒತ್ತಿದೆ, ಕೆಸರಿಗೆ ಕಾಲಿಟ್ಟ ಹಾಗೆ ತಳದವರೆಗೂ ಹೋಯ್ತು.

ಮೆಕ್ಯಾನಿಕ್‌ನ ಕರ್ಕೊಂಡೇ ಬರ್ತೀನಿ. ಚಕ್ರಕ್ಕೆ ಕಲ್ಲು ಕೊಟ್ಟಿದ್ದೀನಿ, ತೆಗೀಬೇಡ. ಆಯಿಲ್ ತುಂಬಿಸಿದರೆ ಸಾಕು ಅಂತ ನಿನ್ನ ತಲೆ ಓಡಿಸಬೇಡ. ಬಾಡಿಗೆಗೆ ಅಂತ ಕ್ವಾರಿಯವರು ಫೋನ್ ಮಾಡಿದರೆ ಜೀಪು ಕೆಟ್ಟಿದೆ ಅನ್ನು, ಬೈದರೆ ಬೈಸ್ಕೋ. ದಮ್ಮಯ್ಯ, ಇವತ್ತೊಂದಿನ ಮರಳು ಹಾಕಬೇಡ, ಮೆಕ್ಯಾನಿಕ್ ಆ ಒದ್ದೆ ನೋಡಬೇಕು.

ಅಮ್ಮನಿಗೆ ಮಾತ್ರ ಏನೂ ಹೇಳಬೇಡ. ನಿನ್ನೆ ಗುಡ್ಡದ ಇಳಿಜಾರಿನಲ್ಲಿ ನಿನ್ನ ಪಕ್ಕ ಕೂತು ಬಂದವಳು ಅವಳೇ. ಊಟಕ್ಕೆ ಕೂತಾಗ ಹೊಗಳಿದ್ದೇ ಹೊಗಳಿದ್ದು: "ಎಷ್ಟು ನಯವಾಗಿ ಓಡಿಸ್ತಾನೆ ನನ್ನ ಮಗ, ಬ್ರೇಕ್ ಹಾಕಿದ್ದೇ ಗೊತ್ತಾಗಲಿಲ್ಲ!"

ಅಕ್ಕ