ಹುಳದ ಮನೆಯ ನೆಲ

ತಿಪ್ಪಸಂದ್ರ, ಮಾಗಡಿ ತಾಲ್ಲೂಕು
೧೮ ಡಿಸೆಂಬರ್ ೨೦೦೬

ದೀಪು ಅಪ್ಪನಿಗೆ ರಾಧಾಮಣಿಯ ನಮಸ್ಕಾರಗಳು.

ಚೆನ್ನೈಯಲ್ಲಿ ಹೇಗಿದ್ದೀರಿ? ಕೆಮ್ಮು ಬಿಟ್ಟಿತೇ? ಹಾಸ್ಟೆಲಿನ ಊಟ ಸೇರದಿದ್ದರೆ ನಾನು ಕಳಿಸಿದ ಹುರಿಹಿಟ್ಟನ್ನಾದರೂ ಕಲಸಿಕೊಂಡು ತಿನ್ನಿ, ಸ್ನೇಹಿತರಿಗೆಲ್ಲ ಹಂಚಿ ದೊಡ್ಡ ಮನುಷ್ಯರಾಗಬೇಡಿ. ದೀಪು ಚೆನ್ನಾಗಿದ್ದಾಳೆ. ಉಳಿದವರು ಯಾರೂ ಚೆನ್ನಾಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅತ್ತೆ ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ರೇಷ್ಮೆ ಹುಳ ಪೂರ್ತಿ ಹೋಯಿತು ಎಂದಷ್ಟೇ ನಿಮಗೆ ಗೊತ್ತು. ಮೂರನೇ ಜ್ವರಕ್ಕೆ ಮಲಗಿ, ಪೊರೆ ಬಿಟ್ಟು ಎದ್ದ ಹುಳ ಸೊಪ್ಪು ಮುಟ್ಟಲೇ ಇಲ್ಲ. ತಟ್ಟೆ ತಟ್ಟೆಯೇ ಸುಣ್ಣಕಟ್ಟು ರೋಗ ಬಂದು, ಬಳಪದ ಚೂರುಗಳ ಹಾಗೆ ಬೆಳ್ಳಗೆ ಬಿದ್ದಿದ್ದವು. ಮಾವ ಗುಂಡಿ ತೋಡಿದರು. ಹೂಳುವ ಮುಂಚೆ ಅತ್ತೆ ಒಂದೊಂದನ್ನೂ ಒತ್ತಿ ನೋಡಿದರು, ಎಲ್ಲಾದರೂ ಒಂದು ಮೆತ್ತಗಿದೆಯೇನೋ ಎಂದು.

ಹಗಲೆಲ್ಲ ಸೂರಿನ ತಗಡು ಕಾಯುತ್ತದೆ, ಫ್ಯಾನು ಆ ಬಿಸಿಗಾಳಿಯನ್ನು ನೆಲದಡಿಯ ಜಲ್ಲಿಗೆ ತಳ್ಳುತ್ತದೆ, ಜಲ್ಲಿ ಅದನ್ನು ಹಿಡಿದಿಟ್ಟುಕೊಂಡು ರಾತ್ರಿಯೆಲ್ಲ ಬಿಡುತ್ತದೆ ಎಂದು ನೀವು ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಿ ತಂದಿರಿ. ರಾತ್ರಿಯ ಬಿಸಿ ಎಷ್ಟಿರುತ್ತದೆಂಬ ಅದರ ಕೆಂಪು ಗೆರೆ ತೋರಿಸಿ ಅತ್ತೆಗೆ, "ಇನ್ಮೇಲೆ ಕೆಂಡ ಇಟ್ಕೊಂಡು ಕಾಯೋದು ಬ್ಯಾಡ ಕಣವ್ವ" ಎಂದಿರಿ. ಅವರು ಊರಿಗೆಲ್ಲ ಹೇಳಿಕೊಂಡು ಬಂದರು. ಹುಳದ ಮನೆಯ ನೆಲ ಅಗೆಸಿ, ಜಲ್ಲಿ ತುಂಬಿಸಿ ಮೇಲೆ ಚಪ್ಪಡಿ ಹಾಸಿಸಿದಿರಿ. ಖಾಲಿ ಮನೆಯಲ್ಲಿ ಅಳೆದಾಗ ಎಲ್ಲವೂ ಗೆರೆಯಂತೆಯೇ ನಡೆಯಿತು. ಹುಳ ಒಳಗೆ ಬಂದ ಮೇಲೆ ಕೆಟ್ಟಿತು.

ಕಾಲೇಜಿನ ನಿಮ್ಮ ಸ್ನೇಹಿತ ಗಣೇಶ್ ರಾಮನಗರದಿಂದ ಬಂದು ಒಂದು ಚಪ್ಪಡಿ ಎತ್ತಿಸಿದರು. ಕೆಳಗೆ ಜಲ್ಲಿಯೆಲ್ಲ ಒದ್ದೆ. ಹುಳ ಬಂದರೆ ಮನೆಗೆ ಲಕ್ಷ್ಮಿ ಬಂದಂತೆ ಎಂದು ಅತ್ತೆ ದಿನಾ ಸಂಜೆ ಸಗಣಿ ನೀರಿನಲ್ಲಿ ನೆಲ ಸಾರಿಸಿದ್ದಾರೆ. ಸಂದಿನಲ್ಲಿ ಇಳಿದ ನೀರನ್ನು ಆರಿಸುವುದಕ್ಕೇ ಕಲ್ಲಿನ ಬಿಸಿಯೆಲ್ಲ ಹೋಯಿತಂತೆ, ಉಳಿದದ್ದು ಥಂಡಿ. "ನಿಮ್ಮ ಹುಡುಗ ಅನಂತರಾಜು ಮಾಡೆಲ್ ತಪ್ಪಿಲ್ಲ. ಇಲ್ಲಿಗೆ ನೀರು ಸುರಿದೋರು ಯಾರು?" ಎಂದು ಎಲ್ಲರೆದುರು ಕೇಳಿಬಿಟ್ಟರು. ಅತ್ತೆ ಸೊಪ್ಪಿನ ಖಾಲಿ ಮಂಕರಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು.

ಅವತ್ತು ಫೋನಿನಲ್ಲಿ ನೀವು, "ಸದ್ಯ, ಮಾಡೆಲ್ ಸರಿಯಾಗೈತಲ್ಲ" ಎಂದಿರಿ. ನನಗೆ ಮೈ ಉರಿದುಹೋಯಿತು. ಅವರು ದಿನಾ ಸಾರಿಸಿದ ನೆಲದ ಮೇಲೆ ಅಂಬೆಗಾಲಿಟ್ಟು ಬೆಳೆದವರು ನೀವು. ಕಂಪ್ಯೂಟರಿಗೆ ಕಲ್ಲಿನ ಗಾತ್ರ ಹೇಳಿದಿರಿ, ಗಾಳಿಯ ವೇಗ ಹೇಳಿದಿರಿ, ಆ ಮನೆಯಲ್ಲಿ ನಿಮ್ಮ ಅವ್ವ ಇದ್ದಾರೆಂದು ಹೇಳಲು ಮರೆತಿರಾ? ಇದನ್ನು ಬರೆಯುವಾಗಲೂ ಸಿಟ್ಟು ಇಳಿದಿಲ್ಲ.

ಅತ್ತೆ ಈಗ ಹುಳದ ಮನೆ ಕಡೆ ಸುಳಿಯುವುದಿಲ್ಲ. ನಮ್ಮ ಹೊಸ್ತಿಲನ್ನೂ ಸಾರಿಸುವುದಿಲ್ಲ, ದೀಪ ಹಚ್ಚುವುದಿಲ್ಲ. ದೀಪು ತಲೆ ಬಾಚು ಎಂದು ಹೋದರೆ, "ನನ್ ಕೈ ಒಳ್ಳೇದಲ್ಲ ಕಣ್ ಮಗ, ನಿಮ್ಮವ್ವನ್ ತಾವ ಹೋಗು" ಎನ್ನುತ್ತಾರೆ. ಮುದ್ದೆ ಮುರಿದು ಹಾಗೇ ಬಿಡುತ್ತಾರೆ. ಕಾರ್ಖಾನೆಗೆ ಜಮೀನು ಕೇಳಿಕೊಂಡು ಬಂದವರಿಗೆ ಮಾವ, "ತಗೊಂಡ್ ಹೋಗ್ರಪ್ಪ" ಎಂದುಬಿಟ್ಟರು, ಅತ್ತೆ ತಲೆ ಎತ್ತಲಿಲ್ಲ. ಅವರು ನಮ್ಮ ಕೈಗೆ ಉಳಿಯುತ್ತಾರೆಂಬ ನಂಬಿಕೆ ನನಗೆ ಹೋಗಿದೆ.

ಮೈ ಕಡೆ ನೋಡಿಕೊಳ್ಳಿ. ಮಾವ ಆಶೀರ್ವಾದ ತಿಳಿಸಿದ್ದಾರೆ. ಅತ್ತೆಯನ್ನು ಕೇಳಿದರೆ ಎದ್ದು ಹಿತ್ತಿಲಿಗೆ ಹೋದರು.

ನಿಮ್ಮ
ರಾಧಾಮಣಿ

ವಿ.ಸೂ.: ಲಕೋಟೆ ಅಂಟಿಸುವಾಗ ಅತ್ತೆ ಬಂದು ನಿಂತರು. "ಕಂಪ್ಯೂಟ್ರಲ್ಲಿ ಎಲ್ಲಾ ಗೊತ್ತಾಯ್ತದಂತಲ್ಲವ್ವ, ಹುಳ ನನ್ನಿಂದ್ಲೇ ಸತ್ವಾ ಅಂತ ಒಸಿ ನೋಡ್ಬುಟ್ಟು ಹೇಳಕ್ಕೆ ಬರಿ" ಅಂದರು. ಇಲ್ಲ ಎಂದು ಬರೆಯಿರಿ. ನಿಮ್ಮ ಲೆಕ್ಕವೇ ತಪ್ಪು ಎಂದು ಬರೆಯಿರಿ. ದೀಪು ಅವರಿಗೆ ಓದಿ ಹೇಳುವಂತೆ ದಪ್ಪ ಅಕ್ಷರದಲ್ಲಿ ಬರೆಯಿರಿ. ನಾನು ಓದಿದರೆ ಅವರು ನಂಬುವುದಿಲ್ಲ.