ಪ್ರಾರ್ಥನೆಗೆ ಎರಡೂವರೆ ಅಂಕ

ಗುರುವಾರ, ಸಂಜೆ

ಪ್ರೀತಿಯ ಅಕ್ಕನಿಗೆ,

ನೀನು ಕ್ಷೇಮವೆಂದು ನಂಬಿದ್ದೇನೆ. ನನ್ನ ಕ್ಷೇಮ ಮಾತ್ರ ಕೇಳಬೇಡ. ಮೂರನೇ ತರಗತಿಯ ಮೂವತ್ತೆಂಟು ಮಕ್ಕಳು ಸೇರಿ ನನ್ನ ತಲೆ ತಿಂದು ಮುಗಿಸಿದ್ದಾರೆ.

ಧರ್ಮಪಾಠದ ಮೇಷ್ಟ್ರು ನಿವೃತ್ತರಾದರಲ್ಲ, ಆ ಪಿರಿಯಡ್‌ಗಳನ್ನು ಲೆಕ್ಕದ ಟೀಚರಾದ ನನ್ನ ತಲೆಗೆ ಕಟ್ಟಿದ್ದಾರೆ. ಲೆಕ್ಕವಾದರೆ ಉತ್ತರ ಪುಸ್ತಕದ ಕೊನೆಯಲ್ಲಿರುತ್ತದೆ. ಇಲ್ಲಿ ಒಬ್ಬ, ಭೂಮಿ ಮಾಡೋಕೆ ಮುಂಚೆ ದೇವರು ಎಲ್ಲಿ ನಿಂತ್ಕೊಂಡಿದ್ದ ಮಿಸ್ ಅನ್ನುತ್ತಾನೆ. ಇನ್ನೊಬ್ಬಳಿಗೆ ದೇವರು ಎಷ್ಟನೇ ಕ್ಲಾಸ್ ತನಕ ಓದಿದಾನೆ ಅಂತ ತಿಳಿಯಬೇಕು. ಬಾಯಿ ಮುಚ್ಚಿ ಕೂತ್ಕೊಳ್ಳಿ ಅನ್ನುವುದೇ ನನ್ನ ಧರ್ಮಬೋಧೆ.

ಇದು ಸಾಲದೆಂದು, ಈ ವಿಷಯಕ್ಕೂ ಅಂಕ ಕೊಡಲೇಬೇಕೆಂದು ಹೆಡ್‌ಮಾಸ್ಟರ್ ಪಟ್ಟು ಹಿಡಿದರು. ಸರಿ, ಎಲ್ಲರೂ ಸ್ವಂತ ಪ್ರಾರ್ಥನೆ ಬರೆಯಿರಿ ಎಂದೆ. ಸ್ತುತಿ, ಕೃತಜ್ಞತೆ, ಕ್ಷಮೆ, ಬೇಡಿಕೆ. ಒಂದೊಂದಕ್ಕೆ ಎರಡೂವರೆ ಅಂಕ. ಲೆಕ್ಕದವಳ ಬುದ್ಧಿ ಇನ್ನೆಲ್ಲಿಗೆ ಹೋಗುತ್ತದೆ ಹೇಳು.

ಮೂರನೇ ಬೆಂಚಿನಲ್ಲಿ ಒಬ್ಬಳು ಬಾಯಿಬಡುಕಿ ಇದ್ದಾಳೆ. ಅವಳು ಬರೆದದ್ದು ಒಂದೇ ಸಾಲು: ದೇವರೇ, ಅಮ್ಮನ್ನ ಆಸ್ಪತ್ರೆಯಿಂದ ಮನೆಗೆ ಕಳಿಸು. ಬೇಡಿಕೆ ಇದೆ, ಉಳಿದ ಮೂರು ಇಲ್ಲ. ಎರಡೂವರೆ ಹಾಕಿ, ಕೆಂಪು ಶಾಯಿಯಲ್ಲಿ ‘ಅಪೂರ್ಣ’ ಎಂದು ಬರೆದು ಮುಂದಿನ ಪುಸ್ತಕ ತೆಗೆದುಕೊಂಡೆ. ಸರಿಯಾಗಿ ಓದಲಿಲ್ಲ ಎಂದು ನಿನ್ನ ಹತ್ತಿರ ಸುಳ್ಳು ಹೇಳಲಾರೆ. ಓದಿಯೇ ಹಾಗೆ ಬರೆದೆ.

ಮರುದಿನದಿಂದ ಅವಳ ಮಾತು ಬಂದ್. ನಿನ್ನೆ ಅವರಪ್ಪ, ಬಸ್ ಡ್ರೈವರ್, ಯೂನಿಫಾರ್ಮಿನಲ್ಲೇ ಬಂದರು. ಜಗಳಕ್ಕೆ ಬಂದಿದ್ದರೆ ನಾನೂ ಸೊಂಟ ಕಟ್ಟಿ ನಿಲ್ಲುತ್ತಿದ್ದೆ. ಅವರು ಮೆಲ್ಲಗೆ, ಮಂಗಳವಾರ ಇವಳಮ್ಮಂಗೆ ಆಪರೇಷನ್ ಇದೆ ಮಿಸ್, ಎರಡೂವರೆ ಮಾರ್ಕ್ಸಿಗೆಲ್ಲ ದೇವರು ಪಾಸ್ ಮಾಡಲ್ಲ ಅಂತ ಊಟ ಬಿಟ್ಟು ಬರೀತಾ ಕೂತಿರ್ತಾಳೆ, ಒಂಚೂರು ನೋಡಿ ಎಂದು ಪುಸ್ತಕ ಕೊಟ್ಟರು. ಹನ್ನೊಂದು ಪುಟ ತುಂಬ ಅದೇ ಸಾಲು. ಕೊನೆಯ ಪುಟದಲ್ಲಿ ಕ್ಷಮೆಯನ್ನೂ ಸೇರಿಸಿದ್ದಳು: ಕಡಿಮೆ ಮಾರ್ಕ್ಸ್ ತಗೊಂಡಿದ್ದಕ್ಕೆ ಸಾರಿ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಹೆಡ್‌ಮಾಸ್ಟರ್ ಹತ್ತಿರ ಹೋದರೆ, ಕಂಪ್ಯೂಟರ್‌ಗೆ ಹೋದ ಅಂಕ ಬ್ರಹ್ಮ ಬಂದರೂ ಬದಲಾಗಲ್ಲ ಮೇಡಂ ಎಂದರು. ಹಾಗಾದ್ರೆ ಆ ಪಿರಿಯಡ್ ಬ್ರಹ್ಮಂಗೇ ಕೊಡಿ ಎಂದು ಬಂದುಬಿಟ್ಟೆ.

ಇವತ್ತು ಅವಳ ಬೆಂಚಿನಲ್ಲೇ ಕೂತು, ತಪ್ಪು ನಂದು ಪುಟ್ಟಿ, ದೇವರು ಮಾರ್ಕ್ಸ್ ನೋಡಲ್ಲ ಎಂದೆ. ಅವಳು ನನ್ನ ಮುಖವನ್ನೇ ನೋಡಿ, ನಿಮಗೆ ಹೇಗೆ ಗೊತ್ತು, ನೀವು ಕೇಳಿದ್ರಾ ಎಂದಳು. ಕೇಳಿ ಹೇಳ್ತೀನಿ ಎಂದು ಒಪ್ಪಿಕೊಂಡು ಬಂದಿದ್ದೇನೆ.

ಇಂತಿ,
ತಲೆಕೆಟ್ಟ ನಿನ್ನ ತಂಗಿ

ವಿ.ಸೂ.: ಅಪ್ಪ ಆಪರೇಷನ್ ಥಿಯೇಟರಿನಿಂದ ವಾಪಸ್ ಬರಲಿಲ್ಲವಲ್ಲ, ಅವತ್ತಿನಿಂದ ನಾನು ದೇವರ ಜೊತೆ ಮಾತು ಬಿಟ್ಟಿದ್ದೇನೆ. ನಿನ್ನ ಮನೆಯಲ್ಲಿ ಕೈ ಮುಗಿದದ್ದೆಲ್ಲ ನೀನು ನೊಂದುಕೊಳ್ಳಬಾರದೆಂದು. ಈಗ ನಾನಾಗಿ ಮಾತಾಡಿಸಲು ಬಾಯಿ ಬರುತ್ತಿಲ್ಲ. ನಿನ್ನ ಜೊತೆಗಾದರೆ ಅವನು ಚೆನ್ನಾಗಿದ್ದಾನೆ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಆಪರೇಷನ್. ನನ್ನ ಮೇಲಿನ ಸಿಟ್ಟನ್ನು ಆ ಹೆಂಗಸಿನ ಮೇಲೆ ತೀರಿಸಿಕೊಳ್ಳಬೇಡ ಅಂತ ಅವನಿಗೆ ನೀನೇ ಹೇಳು.